ಗ್ರಹಚಾರಕ್ಕೆ ಎಷ್ಟು ಅಂಕ?

2019ರ ಐಪಿಎಲ್ ಲೀಗ್ ಹಂತ ಮುಗಿದಾಗ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡ ಎಂಟನೆಯ, ಅಂದರೆ ಕಟ್ಟಕಡೆಯ ಸ್ಥಾನದಲ್ಲಿ ಕುಳಿತಿತ್ತು. ಅದರ ಅಂಕ 11. ನಾಲ್ಕನೆಯ ಸ್ಥಾನ ಹಿಡಿದು ಪ್ಲೇಆಫ್‌ಗೆ ದಾಟಿದ ಸನ್‌ರೈಸರ್ಸ್ ಹೈದರಾಬಾದ್ ತಂಡದ ಅಂಕ 12. ಕಪ್ಪಿನ ಆಸೆ ಉಳಿಸಿಕೊಂಡವರಿಗೂ ಊರಿಡೀ ಗೇಲಿಗೆ ಗುರಿಯಾದವರಿಗೂ ನಡುವೆ ಇದ್ದದ್ದು ಒಂದೇ ಒಂದು ಅಂಕ.

ಆ ಅಂಕ ಎಲ್ಲಿ ಕಳೆದುಹೋಯಿತು ಎಂದು ಆರ್‌ಸಿಬಿ ಅಭಿಮಾನಿಯನ್ನು ಕೇಳಿದರೆ ತಡವರಿಸದೆ ಉತ್ತರ ಬರುತ್ತದೆ. ಮಾರ್ಚ್ 28, ಚಿನ್ನಸ್ವಾಮಿ ಕ್ರೀಡಾಂಗಣ, ಮುಂಬೈ ಇಂಡಿಯನ್ಸ್ ಎದುರಿನ ಪಂದ್ಯ. ಗೆಲ್ಲಲು 188 ಬೇಕು, ಕೊನೆಯ ಎಸೆತಕ್ಕೆ ಉಳಿದದ್ದು 7 ರನ್. ಲಸಿತ್ ಮಾಲಿಂಗ ಎಸೆದರು, ಶಿವಂ ದುಬೆ ತಳ್ಳಿದರು, ಪಂದ್ಯ ಮುಗಿಯಿತು. ಆಟಗಾರರು ಕೈಕುಲುಕುವ ಹೊತ್ತಿಗೆ ದೊಡ್ಡ ಪರದೆಯ ಮೇಲೆ ಮಾಲಿಂಗ ಅವರ ಕಾಲು ಗೆರೆ ದಾಟಿದ್ದು ಕಾಣಿಸಿತು. ನೋಬಾಲ್. ಅಂಪೈರ್ ನೋಡಿರಲಿಲ್ಲ. ಇದು ಕ್ಲಬ್ ಕ್ರಿಕೆಟ್ ಅಲ್ಲವಲ್ಲ ಎಂದು ನಾಯಕ ಕೊಹ್ಲಿ ಸಿಡುಕಿದರು. ಎಬಿ ಡಿವಿಲಿಯರ್ಸ್ 41 ಎಸೆತಗಳಲ್ಲಿ 70 ಬಾರಿಸಿ ಅಜೇಯರಾಗಿ ನಿಂತಿದ್ದರು.

ಆ ನೋಬಾಲ್ ಸಿಕ್ಕಿದ್ದರೆ ಏನಾಗುತ್ತಿತ್ತು? ಒಂದು ರನ್ ಸೇರಿ 182, ಮೇಲೊಂದು ಫ್ರೀ ಹಿಟ್. ಗೆಲುವಿಗೆ ಬೇಕಾದದ್ದು ಸಿಕ್ಸರ್, ಎದುರಿಗಿದ್ದವರು ಮಾಲಿಂಗ. ಸಿಕ್ಸರ್ ಬೀಳುವ ಸಾಧ್ಯತೆ ಕಡಿಮೆಯೇ, ಆದರೆ ಸೊನ್ನೆಯೇನಲ್ಲ. ಬಿದ್ದಿದ್ದರೆ ಎರಡು ಅಂಕ ಸೇರಿ ಮೊತ್ತ 13. ಹೈದರಾಬಾದ್, ಕೋಲ್ಕತ್ತ, ಪಂಜಾಬ್ ಮೂರೂ 12ರಲ್ಲಿ ನಿಂತಿದ್ದವು. ಉಳಿದದ್ದೆಲ್ಲ ನಡೆದಂತೆಯೇ ನಡೆದಿದ್ದರೆ ಎಂಟನೆಯ ತಂಡ ನಾಲ್ಕನೆಯದಾಗುತ್ತಿತ್ತು. ಪತ್ರಿಕೆಗಳು ಬೇರೆ ತಲೆಬರಹ ಹಾಕುತ್ತಿದ್ದವು, ನಾಯಕತ್ವದ ಮೇಲಿನ ಚರ್ಚೆ ಬೇರೆಯಾಗಿರುತ್ತಿತ್ತು.

ಅಭಿಮಾನಿಯ ಪಟ್ಟಿಯಲ್ಲಿ ಇನ್ನೂ ಒಂದು ರಾತ್ರಿ ಇದೆ. ಏಪ್ರಿಲ್ 30, ಮತ್ತೆ ಬೆಂಗಳೂರು, ರಾಜಸ್ಥಾನ ಎದುರಾಳಿ. ಮಳೆಯಿಂದಾಗಿ ಆಟ ತಲಾ ಐದು ಓವರಿಗೆ ಇಳಿಯಿತು. ಆರ್‌ಸಿಬಿ 62 ಗಳಿಸಿತು. ರಾಜಸ್ಥಾನದ ಪರ ಆಡುತ್ತಿದ್ದ ನಮ್ಮದೇ ರಾಜ್ಯದ ಶ್ರೇಯಸ್ ಗೋಪಾಲ್ ಅದರಲ್ಲೂ ಕೊಹ್ಲಿ, ಡಿವಿಲಿಯರ್ಸ್, ಸ್ಟೊಯಿನಿಸ್ ಮೂವರನ್ನೂ ಸಾಲಾಗಿ ಎತ್ತಿ ಹ್ಯಾಟ್ರಿಕ್ ಮಾಡಿದ್ದರು. ರಾಜಸ್ಥಾನ 3.2 ಓವರಿನಲ್ಲಿ 41 ಮಾಡಿದ್ದಾಗ ಮಳೆ ಮರಳಿ ಬಂತು. ಫಲಿತಾಂಶವಿಲ್ಲ, ತಲಾ ಒಂದು ಅಂಕ, ಆರ್‌ಸಿಬಿ ಮನೆಗೆ. ಈ ರಾತ್ರಿಯನ್ನು ಮಾತ್ರ ನಾನು ಗ್ರಹಚಾರದ ಲೆಕ್ಕಕ್ಕೆ ಸೇರಿಸಲಾರೆ. ಅಂದು ಗೆದ್ದಿದ್ದರೂ 12 ಅಂಕವಾಗಿ, ಅಂಕ ಸಮವಾದಾಗ ನೋಡುವ ನೆಟ್ ರನ್ ರೇಟಿನಲ್ಲಿ ಹೈದರಾಬಾದಿಗಿಂತ ಬಹಳ ಕೆಳಗೇ ಉಳಿಯುತ್ತಿತ್ತು.

ಸೋತವನಿಗೆ ಅದೃಷ್ಟ ಕೈಕೊಟ್ಟಂತೆ ಕಾಣುವುದು ಸಹಜ. ದಕ್ಷಿಣ ಕನ್ನಡದ ಕೊಕ್ಕಡ ಪೇಟೆಯಲ್ಲಾಗಲಿ, ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಾಗಲಿ "ಗ್ರಹಚಾರ ಮಾರಾಯ್ರೆ" ಎಂದರೆ ಅಲ್ಲಿಗೆ ಮಾತು ಮುಗಿಯಿತು, ಮುಂದೆ ಯಾರೂ ಕೆದಕುವುದಿಲ್ಲ. ವಿಜ್ಞಾನದ ಕೆಲಸ ಶುರುವಾಗುವುದೇ ಅಲ್ಲಿಂದ. ಗ್ರಹಚಾರ ಇರಬಹುದು, ಒಪ್ಪೋಣ. ಆದರೆ ಎಷ್ಟು? ಎರಡು ಪಂದ್ಯದಷ್ಟೋ, ಹತ್ತು ಪಂದ್ಯದಷ್ಟೋ?

ಅಳೆಯಲು ಒಂದು ಅಳತೆಗೋಲು ಬೇಕು, ಅದು ನಾಣ್ಯ. ಎಂಟೂ ತಂಡಗಳು ಎಲ್ಲದರಲ್ಲೂ ಸರಿಸಮಾನ, ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ ಎಂದು ಕಲ್ಪಿಸಿಕೊಳ್ಳಿ. ಪ್ರತಿ ತಂಡಕ್ಕೆ 14 ಪಂದ್ಯ, ಸರಾಸರಿ 7 ಗೆಲುವು. ಹಾಗೆಂದು ಎಲ್ಲರಿಗೂ ಏಳೇಳು ಸಿಗುವುದಿಲ್ಲ. ಇಂಥ ಚದುರುವಿಕೆಯನ್ನು ಅಳೆಯುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮಾನಕ ವಿಚಲನೆ ಎಂಬ ಅಳತೆ ಇದೆ. ನಾಣ್ಯದ ಮಟ್ಟಿಗೆ ಲೆಕ್ಕ ಸುಲಭ: ಪಂದ್ಯಗಳ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. 14ಕ್ಕೆ ಅದು 1.87, ಅಂದರೆ ಎರಡರ ಹತ್ತಿರ. ಯಾರೂ ಯಾವ ತಪ್ಪೂ ಮಾಡದೆ, ಯಾರೂ ಯಾವ ಸಾಹಸವನ್ನೂ ತೋರದೆ, ಒಂದು ತಂಡ 9 ಗೆದ್ದು ಇನ್ನೊಂದು 5 ಗೆಲ್ಲುವುದು ತೀರಾ ಮಾಮೂಲು. ಐದು ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಾಧ್ಯತೆ ಶೇಕಡಾ 21. ಎಂಟು ತಂಡಗಳಿರುವ ಲೀಗಿನಲ್ಲಿ ಒಂದೋ ಎರಡೋ ತಂಡಕ್ಕೆ ಪ್ರತಿ ವರ್ಷ ಈ ಪಾಡು ಬರಲೇಬೇಕು.

ಈಗ ನಿಜವಾದ 2019ರ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮುಂಬೈ, ಚೆನ್ನೈ, ದೆಹಲಿ ತಲಾ 9 ಗೆಲುವು. ಹೈದರಾಬಾದ್, ಕೋಲ್ಕತ್ತ, ಪಂಜಾಬ್ ತಲಾ 6. ರಾಜಸ್ಥಾನ, ಬೆಂಗಳೂರು ತಲಾ 5, ಜೊತೆಗೆ ಮಳೆಗೆ ಹೋದ ಪಂದ್ಯದ ಅರ್ಧ ಗೆಲುವು. ಈ ಎಂಟು ಸಂಖ್ಯೆಗಳ ಮಾನಕ ವಿಚಲನೆ ತೆಗೆದರೆ 1.56 ಬರುತ್ತದೆ. ನಾಣ್ಯದ್ದು 1.87! ಕೋಟಿಗಟ್ಟಲೆ ಹಣ ಸುರಿದು, ಹರಾಜು ನಡೆಸಿ, ತರಬೇತುದಾರರನ್ನು ಇಟ್ಟು ಆಡಿದ 56 ಪಂದ್ಯಗಳ ಪಟ್ಟಿ, ನಾಣ್ಯ ಚಿಮ್ಮಿ ಬರೆಯಬಹುದಾದ ಪಟ್ಟಿಗಿಂತಲೂ ಒತ್ತೊತ್ತಾಗಿತ್ತು. ತಂಡಗಳೆಲ್ಲ ಸಮಾನವಾಗಿದ್ದವು ಎಂಬುದಕ್ಕೆ ಇದೇ ಪುರಾವೆ ಎನ್ನಲಾಗದು. ನಾಣ್ಯಗಳೂ ಕೆಲವೊಮ್ಮೆ ಹೀಗೆ ಒತ್ತಾಗಿ ಬೀಳುತ್ತವೆ. ಆದರೆ ಆ ಪಟ್ಟಿಯೊಂದನ್ನೇ ಹಿಡಿದುಕೊಂಡು ಯಾರು ಬಲಿಷ್ಠ, ಯಾರು ದುರ್ಬಲ ಎಂದು ತೀರ್ಪು ಕೊಡಲು ಬರುವುದಿಲ್ಲ. ಎಂಟನೆಯ ಸ್ಥಾನ ಎಂಬುದು ದೊಡ್ಡ ಅವಮಾನದಂತೆ ಕೇಳಿಸುತ್ತದೆ. ಅದರ ಹಿಂದಿನ ಮಾಹಿತಿ ಮಾತ್ರ ಬಹಳ ತೆಳು.

ಆ ವರ್ಷ ಆರ್‌ಸಿಬಿ ಮೊದಲ ಆರೂ ಪಂದ್ಯಗಳನ್ನು ಸೋತಿತ್ತು ಎಂಬುದು ಇನ್ನೊಂದು ತಕರಾರು. ನಾಣ್ಯ ಸಾಲಾಗಿ ಆರು ಬಾರಿ ಸೋಲಿನ ಮಗ್ಗುಲಿಗೇ ಬೀಳುವ ಸಾಧ್ಯತೆ 64ರಲ್ಲಿ 1. ಅಪರೂಪವೆನಿಸುತ್ತದೆ. ಆದರೆ ಆಡುವ ತಂಡಗಳು ಎಂಟು. ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಇಂಥ ಆರಂಭ ಸಿಗುವುದು ಹೆಚ್ಚುಕಡಿಮೆ ಎಂಟು ವರ್ಷಕ್ಕೊಮ್ಮೆ. ಅದಾಗಲೇ 2013ರಲ್ಲಿ ದೆಹಲಿ ಡೇರ್‌ಡೆವಿಲ್ಸ್ ಇದೇ ಹಾದಿ ತುಳಿದಿತ್ತು. 2022ರಲ್ಲಿ ಐದು ಬಾರಿಯ ಚಾಂಪಿಯನ್ ಮುಂಬೈ ಮೊದಲ ಎಂಟನ್ನೂ ಸೋತಿತು.

ಸರಣಿಗಳು ಮನಸ್ಸಿಗೆ ಮಾಡುವ ಮೋಸಕ್ಕೆ 2024ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊದಲ ಎಂಟರಲ್ಲಿ ಆರ್‌ಸಿಬಿ ಗೆದ್ದದ್ದು ಒಂದು. ಆ ಸೋಲುಗಳಲ್ಲಿ ಒಂದು ಕೋಲ್ಕತ್ತದ ಎದುರು, 222ನ್ನು ಬೆನ್ನಟ್ಟಿ 221ಕ್ಕೆ ನಿಂತದ್ದು. ಆಮೇಲೆ ಸಾಲಾಗಿ ಆರು ಗೆಲುವು. ಮೇ 18ರಂದು ಚೆನ್ನೈಯನ್ನು 18 ರನ್ನಿನಿಂದ ಸೋಲಿಸಬೇಕಿತ್ತು, 27ರಿಂದ ಸೋಲಿಸಿತು. ಕರ್ನಾಟಕದ ರಸ್ತೆಗಳು ಆ ರಾತ್ರಿ ಮಲಗಲಿಲ್ಲ. ಸತ್ತ ತಂಡ ಎದ್ದುಬಂದ ಕಥೆಯನ್ನು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಒಟ್ಟು ಲೆಕ್ಕ ಏನು? 14ರಲ್ಲಿ 7. ನಾಣ್ಯ ಕೊಡಬೇಕಾದ ಸರಾಸರಿ ಕರಾರುವಾಕ್ಕಾಗಿ ಅಷ್ಟೇ. ಅದೇ ಏಳು ಗೆಲುವನ್ನು ಒಂದು ಬಿಟ್ಟು ಒಂದರಂತೆ ಹಂಚಿದ್ದರೆ ಅದು ಯಾರ ನೆನಪಿನಲ್ಲೂ ಉಳಿಯದ ಋತುವಾಗುತ್ತಿತ್ತು.

ಗೆಲುವು ಸೋಲುಗಳ ಎಣಿಕೆ ಇಷ್ಟು ಬಡವಾದದ್ದಾದರೆ ಬೇರೆ ಯಾವುದನ್ನು ನೋಡಬೇಕು? ಅಮೆರಿಕದ ಬಿಲ್ ಜೇಮ್ಸ್ ಎಂಬ ಬೇಸ್‌ಬಾಲ್ ಲೆಕ್ಕಿಗ ಇದಕ್ಕೊಂದು ದಾರಿ ತೋರಿಸಿದ. ಎಷ್ಟು ಪಂದ್ಯ ಗೆದ್ದೆ ಎಂದು ಕೇಳಬೇಡ, ಒಟ್ಟು ಎಷ್ಟು ರನ್ ಗಳಿಸಿದೆ, ಎಷ್ಟು ಕೊಟ್ಟೆ ಎಂದು ಕೇಳು. ಆ ಎರಡರಿಂದ ನಿನಗೆ ನ್ಯಾಯವಾಗಿ ಸಲ್ಲಬೇಕಾದ ಗೆಲುವುಗಳನ್ನು ಲೆಕ್ಕ ಹಾಕು. ನಿಜವಾದ ಗೆಲುವು ಅದಕ್ಕಿಂತ ಕಡಿಮೆಯಿದ್ದರೆ, ಅಂತರಕ್ಕೆ ಗ್ರಹಚಾರ ಎನ್ನಬಹುದು. ತಾರ್ಕಿಕವಾಗಿ ನೋಡಿದರೂ ಇದು ಸರಿಯೇ. ಅರವತ್ತು ರನ್ನಿನಿಂದ ಗೆಲ್ಲುವುದಕ್ಕೆ ಬಲ ಬೇಕು. ಒಂದು ರನ್ನಿನಿಂದ ಗೆಲ್ಲುವುದಕ್ಕೆ ಬಲದ ಜೊತೆಗೆ ಚೆಂಡು ಬ್ಯಾಟಿನ ಅಂಚು ಸವರಿ ಸರಿಯಾದ ಕಡೆಗೆ ಹೋಗಬೇಕು.

ಈ ಲೆಕ್ಕವನ್ನು ಬಹಳ ಗಂಭೀರವಾಗಿ ತೆಗೆದುಕೊಂಡದ್ದು ಅಮೆರಿಕನ್ ಫುಟ್‌ಬಾಲ್ ಲೋಕ. ಅಲ್ಲಿ ಋತುವಿಗೆ 17 ಪಂದ್ಯ, ನಮ್ಮ ಐಪಿಎಲ್ಲಿಗಿಂತ ಮೂರು ಹೆಚ್ಚು, ಅಷ್ಟೆ. ಅವರ ಚೆಂಡು ಗುಂಡಗಿಲ್ಲ, ಎರಡೂ ತುದಿ ಚೂಪು. ಆಟಗಾರನ ಕೈಜಾರಿ ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಹೇಳಲಾಗದು. ಕೈಜಾರದಂತೆ ಹಿಡಿದುಕೊಳ್ಳುವುದು ಕೌಶಲ. ಜಾರಿದ ಮೇಲೆ ಯಾರ ಕೈಗೆ ಸಿಗುತ್ತದೆ ಎಂಬುದು ಬಹುಪಾಲು ಅದೃಷ್ಟವೆಂದು ಅಲ್ಲಿನ ವಿಶ್ಲೇಷಕರು ವರ್ಷಾನುಗಟ್ಟಲೆ ಎಣಿಸಿ ಹೇಳಿದ್ದಾರೆ. 2022ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡ 13 ಗೆದ್ದು ನಾಲ್ಕನ್ನು ಮಾತ್ರ ಸೋತಿತು. ಆದರೆ ಇಡೀ ಋತುವಿನಲ್ಲಿ ಗಳಿಸಿದ ಅಂಕ 424, ಬಿಟ್ಟುಕೊಟ್ಟದ್ದು 427! ಎಂಟು ಅಂಕದೊಳಗೆ ತೀರ್ಮಾನವಾದ 11 ಪಂದ್ಯಗಳಲ್ಲಿ ಹನ್ನೊಂದನ್ನೂ ಅದೇ ಗೆದ್ದಿತ್ತು. ಲೆಕ್ಕಿಗರು ಇದು ಬಾಳುವ ಭಾಗ್ಯವಲ್ಲ ಎಂದರು, ಅಭಿಮಾನಿಗಳು ಬೈದರು. ಪ್ಲೇಆಫಿನ ಮೊದಲ ಪಂದ್ಯದಲ್ಲೇ ತಂಡ ಸೋತು ಹೋಯಿತು. ಮರುವರ್ಷ ಗೆದ್ದದ್ದು 7, ಸೋತದ್ದು 10.

ಅದೇ ಆಟದ ದುರದೃಷ್ಟದ ದಂತಕಥೆ ಬಫಲೋ ಬಿಲ್ಸ್. 1991ರಿಂದ 1994ರವರೆಗೆ ಸಾಲಾಗಿ ನಾಲ್ಕು ಸೂಪರ್ ಬೌಲ್ ಫೈನಲ್ ಆಡಿ ನಾಲ್ಕನ್ನೂ ಸೋತ ತಂಡ ಅದು. ಮೊದಲನೆಯದರಲ್ಲಿ 20–19ರ ಸೋಲು. ಕೊನೆಗಳಿಗೆಯಲ್ಲಿ 47 ಗಜದಿಂದ ಸ್ಕಾಟ್ ನಾರ್ವುಡ್ ಒದ್ದ ಚೆಂಡು ಕಂಬದ ಬಲಕ್ಕೆ ಸರಿದುಹೋಗಿತ್ತು. ಅದು ಗ್ರಹಚಾರ, ಒಪ್ಪಿದೆ. ಉಳಿದ ಮೂರು ಫೈನಲ್‌ಗಳ ಅಂತರ 13, 35, 17. ಅವನ್ನು ಗ್ರಹಚಾರ ಎಂದರೆ ಗೆದ್ದವರಿಗೆ ಅವಮಾನ.

ಆರ್‌ಸಿಬಿಯ ಮೂರು ಸೋತ ಫೈನಲ್‌ಗಳನ್ನೂ ಇದೇ ಜರಡಿಯಲ್ಲಿ ಹಾಕಬಹುದು. 2009, ಜೊಹಾನ್ಸ್‌ಬರ್ಗ್: ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತು ಸೋತ ಪಾಳಯದಲ್ಲಿದ್ದೇ ಪಂದ್ಯಶ್ರೇಷ್ಠರಾದರು. ಡೆಕ್ಕನ್ ಚಾರ್ಜರ್ಸ್ 143, ಆರ್‌ಸಿಬಿ 137. ಆರು ರನ್. 2011, ಚೆನ್ನೈ: 58 ರನ್ನಿನ ಸೋಲು, ಇಲ್ಲಿ ಮಾತಿಲ್ಲ. 2016, ಸ್ವಂತ ಅಂಗಳ: ಕೊಹ್ಲಿ ಆ ಋತುವಿನಲ್ಲಿ 973 ರನ್ ಗುಡ್ಡೆ ಹಾಕಿದ್ದರು. ಹೈದರಾಬಾದಿನ 208ನ್ನು ಬೆನ್ನಟ್ಟುತ್ತ ಹತ್ತೂವರೆ ಓವರಿಗೆ ವಿಕೆಟ್ ನಷ್ಟವಿಲ್ಲದೆ 114 ಆಗಿತ್ತು. ಗೇಲ್ 38 ಎಸೆತಗಳಲ್ಲಿ 76 ಹೊಡೆದು ಔಟಾದರು. ಅಲ್ಲಿಂದ 200ಕ್ಕೆ ಮುಟ್ಟಿ ನಿಂತಿತು. ಎಂಟು ರನ್. ಮೂರರಲ್ಲಿ ಎರಡು ಕೂದಲೆಳೆಯ ಅಂತರ, ಒಂದು ನಿಚ್ಚಳ ಸೋಲು.

ಮತ್ತೆ 2019ಕ್ಕೆ. ಆರ್‌ಸಿಬಿಯ ನೆಟ್ ರನ್ ರೇಟ್ ಮೈನಸ್ 0.607. ಇಪ್ಪತ್ತು ಓವರಿಗೆ ಗುಣಿಸಿದರೆ ಪಂದ್ಯವೊಂದಕ್ಕೆ ಸರಾಸರಿ 12 ರನ್ನಿನ ಹಿನ್ನಡೆ, ಎಂಟು ತಂಡಗಳಲ್ಲೇ ಕಳಪೆ. ಜೇಮ್ಸ್ ಸೂತ್ರದ ಪ್ರಕಾರ ಕೊನೆಯ ಸ್ಥಾನ ನ್ಯಾಯವೇ ಎನ್ನಬೇಕು. ಆದರೆ ಸೂತ್ರವನ್ನೂ ಪೂರ್ತಿ ನಂಬಬಾರದು. ಆ ಋತುವಿನಲ್ಲಿ ಹೈದರಾಬಾದಿನಲ್ಲಿ ನಡೆದ ಪಂದ್ಯವೊಂದರಲ್ಲಿ ಬೇರ್‌ಸ್ಟೊ, ವಾರ್ನರ್ ಇಬ್ಬರೂ ಶತಕ ಬಾರಿಸಿ 231 ಪೇರಿಸಿದರು, ಆರ್‌ಸಿಬಿ 113ಕ್ಕೆ ಕುಸಿಯಿತು. ಆ 118 ರನ್ನಿನ ಸೋಲೊಂದೇ ಮೈನಸ್ 0.607ರ ಮುಕ್ಕಾಲು ಪಾಲನ್ನು ತುಂಬುತ್ತದೆ. ಒಂದು ಸಂಜೆಯನ್ನು ಕಿತ್ತರೆ ಉಳಿಯುವುದು ಸಾಧಾರಣಕ್ಕಿಂತ ಸ್ವಲ್ಪ ಕೆಳಗಿನ ತಂಡ. ಅಂಚಿನ ಪಂದ್ಯಗಳಲ್ಲೂ ಅದಕ್ಕೆ ಮೋಸವಾಗಿರಲಿಲ್ಲ. ಮುಂಬೈಗೆ ಆರು ರನ್ನಿನಿಂದ ಸೋತದ್ದು ನಿಜ. ಏಪ್ರಿಲ್ 21ರಂದು ಧೋನಿ 84 ಹೊಡೆದು ಕೊನೆಯ ಎಸೆತವನ್ನು ತಪ್ಪಿಸಿಕೊಂಡು ಚೆನ್ನೈ ಒಂದು ರನ್ನಿನಿಂದ ಸೋತದ್ದೂ ಅಷ್ಟೇ ನಿಜ. ನೋಬಾಲಿನ ಚಿತ್ರ ನಮ್ಮ ಫೋನುಗಳಲ್ಲಿ ಇವತ್ತಿಗೂ ಓಡಾಡುತ್ತದೆ. ಧೋನಿ ತಪ್ಪಿಸಿಕೊಂಡ ಎಸೆತ ಎಷ್ಟು ಮಂದಿಗೆ ನೆನಪಿದೆ?

ನೆನಪಿನ ಈ ಪಕ್ಷಪಾತ ಅರ್ಥವಾಗಲು ಮತ್ತೆ ಕೊಕ್ಕಡಕ್ಕೆ ಹೋಗೋಣ. ಅಲ್ಲಿ ಸೌತಡ್ಕ ಗಣಪತಿಯ ಕ್ಷೇತ್ರವಿದೆ. ಗರ್ಭಗುಡಿ ಇಲ್ಲ, ಮಾಡು ಇಲ್ಲ, ಬಯಲಿನಲ್ಲಿ ಬಿಸಿಲು ಮಳೆಗೆ ಒಡ್ಡಿಕೊಂಡು ಕುಳಿತ ಮಹಾಗಣಪತಿ. ಹರಕೆ ಹೊತ್ತವರು ಇಷ್ಟಾರ್ಥ ಸಿದ್ಧಿಸಿದ ಮೇಲೆ ಗಂಟೆ ತಂದು ಒಪ್ಪಿಸುತ್ತಾರೆ. ಸಣ್ಣವು, ದೊಡ್ಡವು, ಸಾಲು ಸಾಲು ಗಂಟೆಗಳು. ಭಕ್ತಿಯ ಮಟ್ಟಿಗೆ ಅವುಗಳ ಅರ್ಥ ಪೂರ್ಣ, ಅದನ್ನು ಪ್ರಶ್ನಿಸುವ ಉದ್ದೇಶ ನನಗಿಲ್ಲ. ಲೆಕ್ಕಿಗನ ಕಣ್ಣಿಗೆ ಮಾತ್ರ ಅಲ್ಲಿ ಒಂದು ಸ್ವಾರಸ್ಯವಿದೆ. ಈಡೇರಿದ ಹರಕೆ ಗಂಟೆಯಾಗಿ ತೂಗುತ್ತದೆ, ಈಡೇರದ್ದು ಕುರುಹು ಬಿಡುವುದಿಲ್ಲ. ಗಂಟೆಗಳನ್ನು ಎಷ್ಟು ಎಣಿಸಿದರೂ ಹೊತ್ತ ಹರಕೆಗಳ ಸಂಖ್ಯೆ ಸಿಗದು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೊ ಇಂಥದೇ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಹಡಗು ಒಡೆದರೂ ಬದುಕಿ ಬಂದವರು ದೇವಳಕ್ಕೆ ಒಪ್ಪಿಸಿದ ಚಿತ್ರಗಳನ್ನು ಗೆಳೆಯನೊಬ್ಬ ಡಯಾಗೊರಸ್ ಎಂಬವನಿಗೆ ತೋರಿಸುತ್ತಾನೆ. ಮುಳುಗಿದವರ ಚಿತ್ರಗಳು ಎಲ್ಲಿವೆ ಎನ್ನುತ್ತಾನೆ ಅವನು. ಇದಕ್ಕೆ ಈಗಿನ ಸಂಖ್ಯಾಶಾಸ್ತ್ರದಲ್ಲಿ ಉಳಿದವರ ಪಕ್ಷಪಾತ ಎಂಬ ಹೆಸರು.

ಕ್ರಿಕೆಟಿನ ನೆನಪಿನಲ್ಲಿ ಇದು ತಿರುವುಮುರುವಾಗಿ ಕೆಲಸ ಮಾಡುತ್ತದೆ. ಅಲ್ಲಿ ತೂಗುವುದು ಈಡೇರದವೇ. ಸೋತ ಫೈನಲ್, ಕಾಣದ ನೋಬಾಲ್, ಬಂದ ಮಳೆ. ಆರ್‌ಸಿಬಿ 2008ರಿಂದ 2024ರವರೆಗೆ 17 ಋತು ಆಡಿ ಒಮ್ಮೆಯೂ ಕಪ್ ಎತ್ತಲಿಲ್ಲ ಎಂಬುದನ್ನು ನಾವು ವಿಶ್ವದ ಅತಿ ದೊಡ್ಡ ಅನ್ಯಾಯವೆಂಬಂತೆ ಹೇಳಿಕೊಂಡು ಬಂದೆವು. "ಈ ಸಲ ಕಪ್ ನಮ್ದೇ" ಎಂಬುದು ಘೋಷಣೆಯಾಗಿ ಹುಟ್ಟಿ ಜೋಕಾಗಿ ಬೆಳೆಯಿತು. ಹಾಗಾದರೆ ಇದು ಎಷ್ಟು ಅಪರೂಪ? ಆ 17ರಲ್ಲಿ 11 ಋತುಗಳಲ್ಲಿ ಎಂಟು ತಂಡಗಳಿದ್ದವು, ಎರಡರಲ್ಲಿ ಒಂಬತ್ತು, ನಾಲ್ಕರಲ್ಲಿ ಹತ್ತು. ತಂಡಗಳೆಲ್ಲ ಸಮಾನವೆಂದರೆ ಎಂಟರ ಲೀಗಿನಲ್ಲಿ ಕಪ್ ಸಿಗದಿರುವ ಸಾಧ್ಯತೆ ಎಂಟರಲ್ಲಿ ಏಳು. ಹೀಗೆ ಹದಿನೇಳನ್ನೂ ಒಂದಕ್ಕೊಂದು ಗುಣಿಸುತ್ತ ಹೋದರೆ ಕೊನೆಗೆ ಬರುವುದು ಶೇಕಡಾ 12. ಎಂಟರಲ್ಲಿ ಒಂದು! 2008ರಲ್ಲಿ ಹೊರಟ ಎಂಟು ತಂಡಗಳಲ್ಲಿ ಒಂದಾದರೂ 2024ರವರೆಗೆ ಬರಿಗೈಯಲ್ಲಿರುವುದೇ ಸಹಜ. ಚೆನ್ನೈ, ಮುಂಬೈ ತಲಾ ಐದು ಕಪ್ ಬಾಚಿಕೊಂಡದ್ದರಿಂದ ನಿಜಕ್ಕೂ ಬರಿಗೈಯವರು ಮೂವರಾದರು: ಬೆಂಗಳೂರು, ದೆಹಲಿ, ಪಂಜಾಬ್. ಉಳಿದಿಬ್ಬರಿಗಾಗಿ ನಮ್ಮ ಕಡೆ ಯಾರೂ ಕಣ್ಣೀರು ಹಾಕಲಿಲ್ಲ.

ಇಲ್ಲಿ ನನ್ನದೊಂದು ಅಭಿಪ್ರಾಯ ಸೇರಿಸುತ್ತೇನೆ. ಗ್ರಹಚಾರಕ್ಕೆ ನೆನಪಿಲ್ಲ, ಅದು ಕಳೆದ ವರ್ಷ ಯಾರನ್ನು ಕಾಡಿದೆ ಎಂದು ನೋಡಿ ಬರುವುದಿಲ್ಲ. ವರ್ಷ ವರ್ಷವೂ ಒಂದೇ ಮನೆಯ ಬಾಗಿಲು ತಟ್ಟುವುದು ಬೇರೇನೋ. ಅಡಿಕೆ ತೋಟಕ್ಕೆ ಒಂದು ವರ್ಷ ಕೊಳೆರೋಗ ಬಂದರೆ ಮಳೆಯನ್ನು ದೂರಬಹುದು. ಅಕ್ಕಪಕ್ಕದ ತೋಟಗಳು ಚೆನ್ನಾಗಿದ್ದು ನಮ್ಮಲ್ಲಿ ಮಾತ್ರ ಪ್ರತಿ ವರ್ಷ ಕಾಯಿ ಉದುರಿದರೆ ಬೋರ್ಡೋ ದ್ರಾವಣ ಸಿಂಪಡಿಸಿದ ದಿನಾಂಕ ಕೇಳಬೇಕಾಗುತ್ತದೆ. ಆರ್‌ಸಿಬಿಯ ವಿಷಯದಲ್ಲೂ ಹಾಗೆಯೇ. ಚಿನ್ನಸ್ವಾಮಿಯ ಗಡಿರೇಖೆ ಹತ್ತಿರ, ಬೌಲರುಗಳಿಗೆ ಅದು ಕಷ್ಟದ ಅಂಗಳ. ಅಂಥ ಅಂಗಳದ ತಂಡ ಬಹುಕಾಲ ಬ್ಯಾಟಿನವರ ಹೆಸರುಗಳ ಮೇಲೆಯೇ ಮೋಹಗೊಂಡಿತ್ತು.

ಆಟದಿಂದ ಆಟಕ್ಕೆ ಅದೃಷ್ಟದ ಪಾಲು ಬದಲಾಗುತ್ತದೆ. ಅಂಕ ಬರುವ ಘಟನೆಗಳು ಹೆಚ್ಚಿದಷ್ಟೂ ಅದೃಷ್ಟ ತೊಳೆದು ಹೋಗುತ್ತದೆ. ಕಾಲ್ಚೆಂಡಿನಲ್ಲಿ ಒಂದು ಗೋಲು, ಅದೂ ಯಾರದೋ ಮೊಣಕಾಲಿಗೆ ತಾಗಿ ಹೋದದ್ದು, ತೊಂಬತ್ತು ನಿಮಿಷದ ದುಡಿಮೆಯನ್ನು ಅಳಿಸಬಲ್ಲದು. ಕಬಡ್ಡಿಯಲ್ಲಿ ಎರಡೂ ಕಡೆ ಸೇರಿ ಅರವತ್ತು ಎಪ್ಪತ್ತು ಅಂಕ ಬರುತ್ತವೆ, ಒಂದು ಬೋನಸ್ ತಪ್ಪಿದರೆ ಆಕಾಶ ಕಳಚಿ ಬೀಳದು. 2024ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು ಎರಡೇ ಎರಡು. ನಾಣ್ಯವನ್ನು 22 ಬಾರಿ ಚಿಮ್ಮಿ ಎರಡಕ್ಕಿಂತ ಹೆಚ್ಚು ತಲೆ ಬಾರದಿರುವ ಸಾಧ್ಯತೆ ಸುಮಾರು 16 ಸಾವಿರದಲ್ಲಿ ಒಂದು. ಆ ಋತುವನ್ನು ಗ್ರಹಚಾರ ಎನ್ನುವವರ ಜೊತೆ ನಾನು ವಾದಕ್ಕೂ ಇಳಿಯುವುದಿಲ್ಲ. ಪ್ರೊ ಕಬಡ್ಡಿಯ ಆಗಿನ ನಿಯಮದಲ್ಲಿ ಒಂದು ಜಾಣತನವಿತ್ತು. ಏಳು ಅಥವಾ ಅದಕ್ಕಿಂತ ಕಡಿಮೆ ಅಂಕದ ಅಂತರದಲ್ಲಿ ಸೋತ ತಂಡಕ್ಕೂ ಒಂದು ಅಂಕ ಕೊಡುತ್ತಿದ್ದರು. ಕೂದಲೆಳೆಯ ಸೋಲು ಪೂರಾ ಸೋಲಲ್ಲ ಎಂದು ನಿಯಮವೇ ಒಪ್ಪಿಕೊಂಡಂತಾಯಿತು.

ಇದರ ಎದುರು ತುದಿಯಲ್ಲಿರುವುದು ನಮ್ಮ ಕಂಬಳ. ಅಲ್ಲಿ ಸಮಾಧಾನದ ಅಂಕವಿಲ್ಲ. ಮೂಡಬಿದಿರೆಯ ಕೋಟಿ-ಚೆನ್ನಯ, ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನ ಸತ್ಯ-ಧರ್ಮ, ಬೆಳ್ತಂಗಡಿ ತಾಲ್ಲೂಕಿನ ವೇಣೂರು, ಹೀಗೆ ನವೆಂಬರಿನಿಂದ ಬೇಸಿಗೆಯವರೆಗೆ ಸಾಗುವ ಜೋಡುಕರೆ ಕಂಬಳಗಳಲ್ಲಿ ಎರಡು ಜೊತೆ ಕೋಣಗಳು ಅಕ್ಕಪಕ್ಕದ ಕರೆಗಳಲ್ಲಿ, ಅಂದರೆ ಕೆಸರಿನ ಓಟದ ಹಾದಿಗಳಲ್ಲಿ, ಗಂತು ಎಂಬ ಆರಂಭದ ತುದಿಯಿಂದ ಹೊರಟು ಮಂಜೊಟ್ಟಿ ಎಂಬ ಗುರಿಯ ದಿಬ್ಬ ಏರುತ್ತವೆ. ಹಗ್ಗ, ನೇಗಿಲು, ಅಡ್ಡಹಲಗೆ ಈ ವಿಭಾಗಗಳೆಲ್ಲದರಲ್ಲೂ ಸೋತವರು ಹೊರಗೆ. ಕನೆಹಲಗೆ ಮಾತ್ರ ಬೇರೆ ಜಾತಿಯದು. ಅಲ್ಲಿ ಎದುರಾಳಿ ಇಲ್ಲ, ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು.

2020ರ ಫೆಬ್ರವರಿಯಲ್ಲಿ ಮೂಡಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಯಾರೋ ಲೆಕ್ಕ ಹಾಕಿದರು, ಉಸೇನ್ ಬೋಲ್ಟ್‌ನ 9.58 ಜೊತೆ ಹೋಲಿಸಿದರು, ಲೋಕವೆಲ್ಲ ತಿರುಗಿ ನೋಡಿತು. ಸ್ವಲ್ಪ ದಿನಕ್ಕೇ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದಕ್ಕಿಂತ ಸೆಕೆಂಡಿನ ಕೆಲವೇ ಶತಾಂಶ ಕಡಿಮೆಯಲ್ಲಿ ಓಡಿದ ಸುದ್ದಿ ಬಂತು. ಬೋಲ್ಟ್ ನಿಂತಲ್ಲಿಂದ ಒಬ್ಬನೇ ಓಡುತ್ತಾನೆ, ಇಲ್ಲಿ ಓಟಗಾರನನ್ನು ಕೋಣಗಳು ಎಳೆಯುತ್ತವೆ, ಹಾಗಾಗಿ ಆ ಹೋಲಿಕೆಯಲ್ಲಿ ಹುರುಳಿಲ್ಲ. ಬೆಂಗಳೂರಿನ ಟ್ರ್ಯಾಕಿಗೆ ಬಂದು ಪರೀಕ್ಷೆಗೆ ಓಡಲು ಗೌಡರು ಒಪ್ಪದಿದ್ದದ್ದು ಬುದ್ಧಿವಂತಿಕೆ ಎಂದೇ ನನ್ನ ಎಣಿಕೆ. ನಮ್ಮ ವಿಷಯಕ್ಕೆ ಬೇಕಾದದ್ದು ಆ ಶತಾಂಶಗಳು. ಗೌಡರ ವೇಗ ಸೆಕೆಂಡಿಗೆ ಹತ್ತೂವರೆ ಮೀಟರಿನ ಹತ್ತಿರ. ಒಂದು ಶತಾಂಶ ಸೆಕೆಂಡ್ ಎಂದರೆ ಹತ್ತು ಸೆಂಟಿಮೀಟರ್ ಚಿಲ್ಲರೆ, ಕೋಣದ ಮೂತಿಯ ಉದ್ದವೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಮಂಜೊಟ್ಟಿಯಲ್ಲಿ ಲೇಸರ್ ಕಿರಣ ಬಂದು, ಕಣ್ಣಂದಾಜಿನ ಜಗಳ ಕಡಿಮೆಯಾಗಿದೆ. ಅಳತೆಯ ಅನುಮಾನ ಹೋದರೂ ಅದೃಷ್ಟ ಹೋಗಿಲ್ಲ. ಕೆಸರಿನಲ್ಲಿ ಒಂದು ಗೊರಸು ಅರೆಕ್ಷಣ ಹೂತರೆ ಹತ್ತು ಸೆಂಟಿಮೀಟರ್ ಮುಗಿಯಿತು.

ಒಂದು ವಿಭಾಗಕ್ಕೆ 32 ಜೊತೆ ಬಂದಿವೆ ಎನ್ನೋಣ. ಪ್ರಥಮ ಬರಬೇಕಾದರೆ ಸಾಲಾಗಿ ಐದು ಓಟ ಗೆಲ್ಲಬೇಕು. ನಿಮ್ಮ ಕೋಣಗಳು ಬಹಳ ಒಳ್ಳೆಯವು, ಯಾರೇ ಎದುರಾದರೂ ಹತ್ತಕ್ಕೆ ಏಳು ಸಲ ಗೆಲ್ಲುತ್ತವೆ. ಐದೂ ಗೆಲ್ಲುವ ಸಾಧ್ಯತೆ? 0.7ನ್ನು ಐದು ಬಾರಿ ಗುಣಿಸಿದರೆ ಶೇಕಡಾ 17. ಕರಾವಳಿಯಲ್ಲೇ ಅತ್ಯುತ್ತಮವಾದ ಜೊತೆ ಆರು ಕಂಬಳಗಳಲ್ಲಿ ಐದರಿಂದ ಬರಿಗೈಯಲ್ಲಿ ಲಾರಿ ಹತ್ತಬೇಕು. ಮೊದಲ ಆರು ಕಂಬಳಗಳಲ್ಲಿ ಒಂದೂ ಪ್ರಥಮ ಸಿಗದಿರುವ ಸಾಧ್ಯತೆ ಮೂರರಲ್ಲಿ ಒಂದು. ಆ ಹೊತ್ತಿಗೆ ಯಜಮಾನರು ಓಟಗಾರನನ್ನು ಬದಲಿಸಿರುತ್ತಾರೆ, ಇಲ್ಲವೇ ಕೋಣದ ಜೊತೆ ಮುರಿದು ಬೇರೆ ಜೋಡಿ ಕಟ್ಟಿರುತ್ತಾರೆ. ಏಳನೆಯ ಕಂಬಳದಲ್ಲಿ ಪ್ರಥಮ ಬಂದರೆ ಕೀರ್ತಿ ಹೊಸ ಓಟಗಾರನಿಗೆ. ಹಳೆಯವನೇ ಇದ್ದಿದ್ದರೂ ಬರುತ್ತಿತ್ತೋ ಏನೋ, ಪರೀಕ್ಷಿಸುವ ದಾರಿಯಿಲ್ಲ. ಕೆಟ್ಟ ಋತುವಿನ ನಂತರ ತರಬೇತುದಾರನನ್ನು ಕಿತ್ತೊಗೆಯುವ ಲೀಗುಗಳಲ್ಲೂ ನಡೆಯುವುದು ಇದೇ. ತೀರಾ ಕೆಟ್ಟದ್ದರ ನಂತರ ಬರುವುದು ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ ಎಂದು ಫ್ರಾನ್ಸಿಸ್ ಗಾಲ್ಟನ್ ಹತ್ತೊಂಬತ್ತನೆಯ ಶತಮಾನದಲ್ಲೇ ತೋರಿಸಿದ್ದ. ಸರಾಸರಿಯತ್ತ ಮರಳುವ ಈ ಗುಣದಿಂದ ಎಷ್ಟೋ ಹೊಸ ತರಬೇತುದಾರರ ಹೊಟ್ಟೆ ತುಂಬಿದೆ.

ಕೂದಲೆಳೆಯ ಸೋಲಿನ ಇನ್ನೊಂದು ನೆನಪು: 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್. ಮುಂಬೈ ಎದುರು ಗೆಲ್ಲಲು ಕರ್ನಾಟಕಕ್ಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಮರಗಳ ಮೇಲೆಲ್ಲ ಜನ. ತಂಡ 331ಕ್ಕೆ ಆಲೌಟ್, ಆರು ರನ್ನಿನ ಸೋಲು. ಅಲ್ಲಿಂದ ಆರು ವರ್ಷದೊಳಗೆ ಕರ್ನಾಟಕ 2013–14, 2014–15 ಎರಡೂ ಋತುಗಳ ರಣಜಿ ಗೆದ್ದಿತು. ಎರಡನೆಯದರಲ್ಲಿ ತಮಿಳುನಾಡನ್ನು ಇನ್ನಿಂಗ್ಸ್ ಮತ್ತು 217 ರನ್ನಿನಿಂದ ಮಣಿಸಿದಾಗ ಗ್ರಹಚಾರದ ಮಾತಿಗೆ ಜಾಗವೇ ಇರಲಿಲ್ಲ. 2009ರಲ್ಲಿ ಆರು ರನ್, 2010ರಲ್ಲಿ ಆರು ರನ್, ನೋಬಾಲಿನ ಪಂದ್ಯದಲ್ಲೂ ಆರು ರನ್. ಸಂಖ್ಯೆಗಳಲ್ಲಿ ಶಕುನ ಹುಡುಕುವವರಿಗೆ ಇದು ಹಬ್ಬ. ಐದೋ ಎಂಟೋ ರನ್ನಿನಿಂದ ಸೋತವುಗಳನ್ನು ನಾನೇ ಈ ಸಾಲಿನಿಂದ ಬಿಟ್ಟಿದ್ದೇನೆ ಎಂಬುದನ್ನು ಅವರು ಗಮನಿಸಲಾರರು.

2025ರ ಜೂನ್ 3, ಅಹಮದಾಬಾದ್, ಐಪಿಎಲ್ ಫೈನಲ್. ಆರ್‌ಸಿಬಿ 190. ಕೊನೆಯ ಓವರಿನಲ್ಲಿ ಪಂಜಾಬ್‌ಗೆ 29 ಬೇಕಿತ್ತು, ಚೆಂಡು ಹೇಜಲ್‌ವುಡ್ ಕೈಯಲ್ಲಿ, ಎದುರಿಗೆ ಶಶಾಂಕ್ ಸಿಂಗ್. ಮೊದಲ ಎರಡು ಎಸೆತಕ್ಕೆ ರನ್ ಇಲ್ಲ. ಆಮೇಲೆ 6, 4, 6, 6. ಪಂಜಾಬ್ 184ಕ್ಕೆ ನಿಂತಿತು. ಆರು ರನ್ನಿನ ಗೆಲುವು, ಹದಿನೆಂಟನೆಯ ವರ್ಷದಲ್ಲಿ ಕಪ್. ಮರುದಿನ ಬೆಂಗಳೂರಿನ ವಿಜಯೋತ್ಸವದಲ್ಲಿ ಹನ್ನೊಂದು ಜೀವಗಳು ಕಾಲ್ತುಳಿತಕ್ಕೆ ಬಲಿಯಾದದ್ದು ಅದೃಷ್ಟದ ಪ್ರಕರಣವಲ್ಲ, ಅದರ ವಿಚಾರಣೆಯ ಜಾಗವೇ ಬೇರೆ. ಆಟದ ಮಟ್ಟಿಗೆ ಹೇಳುವುದಾದರೆ, 2009ರ ಆರು ರನ್ನನ್ನು ಗ್ರಹಚಾರದ ಖಾತೆಗೆ ಬರೆದವರು 2025ರ ಆರು ರನ್ನನ್ನು ಭಾಗ್ಯದ ಖಾತೆಗೆ ಬರೆಯಬೇಕು. ಶಶಾಂಕ್ ರನ್ ಗಳಿಸದ ಆ ಎರಡು ಎಸೆತಗಳಲ್ಲಿ ಒಂದು ಗಡಿ ದಾಟಿ ಬಿದ್ದಿದ್ದರೂ ಪಂದ್ಯ ಟೈ ಆಗಿ ಸೂಪರ್ ಓವರಿಗೆ ಹೋಗುತ್ತಿತ್ತು. ಪಂಜಾಬ್ ಕೂಡ 2008ರಿಂದ ಆಡುತ್ತಿರುವ ತಂಡವೇ. 2025ಕ್ಕೆ ಅದಕ್ಕೂ ಹದಿನೆಂಟು ಋತು ತುಂಬಿತು, ಕಪ್ ಬಂದಿರಲಿಲ್ಲ. ಸಮಾನ ತಂಡವೊಂದಕ್ಕೆ ಅಷ್ಟೂ ವರ್ಷ ಕಪ್ ತಪ್ಪುವ ಸಾಧ್ಯತೆ ಆಗ ಶೇಕಡಾ 11ರ ಹತ್ತಿರ ಬಂದಿತ್ತು.